ತಿರುಗುವ ಬೆಜೆಲ್ (ಕೈಗಡಿಯಾರ)

ತಿರುಗುವ ಬೆಜೆಲ್ ಎಂಬುದು ಕೈಗಡಿಯಾರದ ಗಾಜಿನ ಸುತ್ತ ಅಳವಡಿಸಿರುವ, ಬೆರಳುಗಳಿಂದ ತಿರುಗಿಸಬಹುದಾದ ಬಳೆಯಾಕಾರದ ಭಾಗ. ಕಳೆದ ಸಮಯವನ್ನು ಅಳೆಯಲು ಅಥವಾ ಬೇರೊಂದು ದೇಶದ ವೇಳೆಯನ್ನು ತಿಳಿಯಲು ಇದನ್ನು ಬಳಸಲಾಗುತ್ತದೆ. ನೀರಿನಾಳಕ್ಕೆ ಇಳಿಯುವ ಮುಳುಗುಗಾರರ ಗಡಿಯಾರಗಳಲ್ಲಿ ಇದು ಸುರಕ್ಷತೆಯ ಸಾಧನವೂ ಹೌದು. ಬೆಜೆಲ್ ಸಿಲುಕಿಕೊಂಡು ತಿರುಗದಿರುವುದು ಈ ಬಗೆಯ ಗಡಿಯಾರಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷ. ಇದಕ್ಕೆ ಹೆಚ್ಚಾಗಿ ಸಂದಿಯಲ್ಲಿ ಸೇರಿದ ಕೊಳೆಯೇ ಕಾರಣವಾಗಿದ್ದು, ನೆನೆಸಿ ತೊಳೆಯುವುದರಿಂದ ಸರಿಹೋಗುತ್ತದೆ. ಬಲವಂತವಾಗಿ ತಿರುಗಿಸಿದರೆ ಒಳಗಿನ ಸ್ಪ್ರಿಂಗ್ ಹಾಗೂ ಹಲ್ಲುಗಳು ಹಾಳಾಗುವ ಸಂಭವವಿರುತ್ತದೆ.

ಇತಿಹಾಸ

ಗಡಿಯಾರದಲ್ಲಿ ತಿರುಗುವ ಬಳೆಯನ್ನು ಅಳವಡಿಸುವ ಪ್ರಯೋಗಗಳು 1930ರ ದಶಕದಲ್ಲಿ ವಿಮಾನ ಚಾಲಕರ ಗಡಿಯಾರಗಳಲ್ಲಿ ನಡೆದವು. ಮುಳುಗುಗಾರರ ಗಡಿಯಾರಗಳಲ್ಲಿ ಇದು ನೆಲೆಗೊಂಡದ್ದು 1953ರಲ್ಲಿ. ಅದೇ ವರ್ಷ ಸ್ವಿಟ್ಜರ್‌ಲೆಂಡಿನ ಬ್ಲಾಂಕ್‌ಪೇನ್ ಸಂಸ್ಥೆಯ 'ಫಿಫ್ಟಿ ಫ್ಯಾದಮ್ಸ್' ಹಾಗೂ ರೋಲೆಕ್ಸ್ ಸಂಸ್ಥೆಯ 'ಸಬ್‌ಮರೀನರ್' ರೂಪುಗೊಂಡವು. ಬ್ಲಾಂಕ್‌ಪೇನ್‌ನ ಮುಖ್ಯಸ್ಥರಾಗಿದ್ದ ಜೀನ್-ಜಾಕ್ ಫೀಷ್ಟರ್ ಸ್ವತಃ ಮುಳುಗುಗಾರರಾಗಿದ್ದರು. 1950ರ ದಶಕದ ಮಧ್ಯದಲ್ಲಿ ಬಂದ ರೋಲೆಕ್ಸ್ 'ಜಿಎಂಟಿ-ಮಾಸ್ಟರ್' ಗಡಿಯಾರದ ಬೆಜೆಲ್ 24 ಗಂಟೆಗಳ ಗುರುತುಗಳನ್ನು ಹೊಂದಿದ್ದು, ದೂರ ಪ್ರಯಾಣದ ವಿಮಾನ ಚಾಲಕರಿಗೆ ಎರಡು ಸ್ಥಳಗಳ ವೇಳೆಯನ್ನು ಏಕಕಾಲಕ್ಕೆ ತೋರಿಸುತ್ತಿತ್ತು. ಆರಂಭದಲ್ಲಿ ಬೇಕಲೈಟ್, ಬಳಿಕ ಅಲ್ಯೂಮಿನಿಯಂ ಪಟ್ಟಿಗಳು ಬಳಕೆಯಲ್ಲಿದ್ದವು. 2005ರಿಂದ ರೋಲೆಕ್ಸ್ ಸೆರಾಮಿಕ್ ಪಟ್ಟಿಗಳನ್ನು ಬಳಸತೊಡಗಿತು.

ಒಂದೇ ದಿಕ್ಕಿನ ಚಲನೆ

ಮುಳುಗುಗಾರರು ನೀರಿಗಿಳಿಯುವ ಮುನ್ನ ಬೆಜೆಲ್‌ನ ಶೂನ್ಯದ ಗುರುತನ್ನು ನಿಮಿಷದ ಮುಳ್ಳಿಗೆ ಸರಿಹೊಂದಿಸುತ್ತಾರೆ. ಅನಂತರ ಮುಳ್ಳು ಬೆಜೆಲ್‌ನ ಮೇಲೆ ತೋರಿಸುವ ಅಂಕಿಯೇ ಕಳೆದ ನಿಮಿಷಗಳ ಲೆಕ್ಕ. ಆಧುನಿಕ ಗಡಿಯಾರಗಳಲ್ಲಿ ಈ ಬೆಜೆಲ್ ಅಪ್ರದಕ್ಷಿಣವಾಗಿ ಮಾತ್ರ ತಿರುಗುತ್ತದೆ. ಉದಾಹರಣೆಗೆ, ಗಂಟೆ 10:20ಕ್ಕೆ ಇಳಿದ ಮುಳುಗುಗಾರರಿಗೆ 10:45ಕ್ಕೆ ಬೆಜೆಲ್ 25 ನಿಮಿಷಗಳನ್ನು ತೋರಿಸಬೇಕು. ಬಂಡೆಗೆ ತಗುಲಿ ಬೆಜೆಲ್ ಐದು ನಿಮಿಷದಷ್ಟು ಸರಿದರೆ ಅದು 30 ನಿಮಿಷಗಳನ್ನು ತೋರಿಸುತ್ತದೆ. ಮುಳುಗುಗಾರರು ಬೇಗನೆ ಮೇಲೆ ಬರುತ್ತಾರೆ. ವಿರುದ್ಧ ದಿಕ್ಕಿಗೆ ಸರಿದಿದ್ದರೆ 20 ನಿಮಿಷ ಎಂದು ತೋರಿಸಿ, ಉಸಿರಾಟದ ಗಾಳಿ ಮುಗಿಯುವ ಅಪಾಯ ಉಂಟಾಗುತ್ತಿತ್ತು. ಮುಳುಗುಗಾರರ ಗಡಿಯಾರಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 6425, ಸಮಯ ಗುರುತಿಸುವ ಸಾಧನವು ಆಕಸ್ಮಿಕವಾಗಿ ತಿರುಗದಂತೆ ರಕ್ಷಣೆ ಹೊಂದಿರಬೇಕೆಂದು ವಿಧಿಸುತ್ತದೆ.

ರಚನೆ

ಬೆಜೆಲ್‌ನ ಅಡಿಯಲ್ಲಿ ಸಣ್ಣ ಹಲ್ಲುಗಳಿರುತ್ತವೆ. ಕೇಸ್‌ನ ಮೇಲಿರುವ ತೆಳುವಾದ ಲೋಹದ ಸ್ಪ್ರಿಂಗ್ ಅಥವಾ ಸ್ಪ್ರಿಂಗ್‌ನ ಒತ್ತಡದಲ್ಲಿರುವ ಪುಟ್ಟ ಗುಂಡು ಈ ಹಲ್ಲುಗಳಿಗೆ ಸಿಕ್ಕಿಕೊಂಡು 'ಕ್ಲಿಕ್' ಎಂಬ ಸದ್ದು ಮಾಡುತ್ತದೆ. ಸಾಮಾನ್ಯವಾಗಿ ಒಂದು ಪೂರ್ಣ ಸುತ್ತಿಗೆ 60 ಅಥವಾ 120 ಕ್ಲಿಕ್‌ಗಳಿರುತ್ತವೆ; 120 ಇದ್ದಲ್ಲಿ ಪ್ರತಿ ಕ್ಲಿಕ್ ಅರ್ಧ ನಿಮಿಷಕ್ಕೆ ಸಮ. ಅನೇಕ ಮಾದರಿಗಳಲ್ಲಿ ರಬ್ಬರ್ ಅಥವಾ ಪ್ಲಾಸ್ಟಿಕ್‌ನ ಗ್ಯಾಸ್ಕೆಟ್ ಬೆಜೆಲನ್ನು ಹಿಡಿದಿಡುತ್ತದೆ. ಬೆಜೆಲ್‌ನ ಕೆಳಗಿನ ಈ ಸಂದಿಗೆ ನೀರು ಪ್ರವೇಶಿಸುವುದು ಸಹಜ. ಗಡಿಯಾರದ ಯಂತ್ರವನ್ನು ನೀರಿನಿಂದ ಕಾಪಾಡುವ ಗ್ಯಾಸ್ಕೆಟ್‌ಗಳು ಬೇರೆಯೇ ಇರುತ್ತವೆ.

ಸಿಲುಕಿಕೊಳ್ಳಲು ಕಾರಣಗಳು

ಸಮುದ್ರದ ನೀರು ಆರಿದಾಗ ಸಂದಿಯಲ್ಲಿ ಉಪ್ಪಿನ ಹರಳುಗಳು ಉಳಿಯುತ್ತವೆ. ಮರಳಿನ ಕಣ, ಬೆವರು, ಸಾಬೂನಿನ ಜಿಡ್ಡು ಮತ್ತು ಚರ್ಮಕ್ಕೆ ಹಚ್ಚುವ ಕ್ರೀಮ್‌ಗಳು ಸೇರಿ ಗಟ್ಟಿಯಾಗುತ್ತವೆ. ಬೆಜೆಲ್ ಸುತ್ತಿನುದ್ದಕ್ಕೂ ಬಿಗಿಯಾಗಿದ್ದರೆ ಅಥವಾ ತಿರುಗುವಾಗ ಕರಕರ ಎಂದರೆ ಕೊಳೆಯನ್ನು ಶಂಕಿಸಬಹುದು. ಪ್ರತಿ ಸುತ್ತಿನಲ್ಲಿಯೂ ಒಂದೇ ಜಾಗದಲ್ಲಿ ಸಿಕ್ಕಿಕೊಂಡರೆ ಹಲ್ಲು ಸವೆದಿರುವ ಅಥವಾ ಪೆಟ್ಟಿನಿಂದ ಬಳೆ ಬಾಗಿರುವ ಸಾಧ್ಯತೆಯಿದೆ. ಕ್ಲಿಕ್ ಸದ್ದೇ ಇಲ್ಲದಿದ್ದರೆ ಸ್ಪ್ರಿಂಗ್ ಮುರಿದಿರಬಹುದು. ತುಕ್ಕು ಮತ್ತು ಒಣಗಿ ಗಡುಸಾದ ಗ್ಯಾಸ್ಕೆಟ್ ಇತರ ಕಾರಣಗಳು.

ಸ್ವಚ್ಛಗೊಳಿಸುವ ವಿಧಾನ

ಈ ವಿಧಾನ ನೀರುನಿರೋಧಕ ಸ್ಥಿತಿಯಲ್ಲಿರುವ ಗಡಿಯಾರಗಳಿಗೆ ಮಾತ್ರ ಅನ್ವಯಿಸುತ್ತದೆ. ಹಳೆಯ ಅಥವಾ ಬಹುಕಾಲ ಪರೀಕ್ಷೆಗೊಳಪಡದ ಗಡಿಯಾರವನ್ನು ನೀರಿಗೆ ಹಾಕುವುದು ಸೂಕ್ತವಲ್ಲ. ಮೊದಲು ಕೀಲಿ ಕೊಡುವ ಗುಬ್ಬಿಯನ್ನು ಪೂರ್ತಿ ಒತ್ತಿ, ತಿರುಪಿರುವ ಮಾದರಿಯಾದರೆ ಬಿಗಿಗೊಳಿಸಬೇಕು. ಚರ್ಮದ ಪಟ್ಟಿಯಿದ್ದರೆ ತೆಗೆಯಬೇಕು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೌಮ್ಯ ದ್ರವದ ಕೆಲವು ಹನಿಗಳನ್ನು ಸೇರಿಸಿ ಗಡಿಯಾರವನ್ನು ಅರ್ಧ ಗಂಟೆ ನೆನೆಸಿಡಲಾಗುತ್ತದೆ. ಅನಂತರ ಮೃದುವಾದ ಹಲ್ಲುಜ್ಜುವ ಬ್ರಷ್‌ನಿಂದ ಸಂದಿಯ ಸುತ್ತ ಉಜ್ಜಿ, ನೀರಿನೊಳಗೇ ಬೆಜೆಲನ್ನು ಅದರ ಸಹಜ ದಿಕ್ಕಿನಲ್ಲಿ ಮೆಲ್ಲನೆ ತಿರುಗಿಸಬೇಕು. ಸ್ವಲ್ಪ ಸಡಿಲಗೊಂಡರೆ ಹೊಸ ನೀರಿನಲ್ಲಿ ಇದನ್ನೇ ಪುನರಾವರ್ತಿಸಿ, ಶುದ್ಧ ನೀರಿನಲ್ಲಿ ತೊಳೆದು ಒರೆಸಲಾಗುತ್ತದೆ. ನೀರಿನೊಳಗೆ ಗುಬ್ಬಿಯನ್ನಾಗಲಿ ಇತರ ಗುಂಡಿಗಳನ್ನಾಗಲಿ ಮುಟ್ಟಬಾರದು.

ಕುದಿಯುವ ನೀರು, ಅಸಿಟೋನ್ ಮುಂತಾದ ದ್ರಾವಕಗಳು ಗ್ಯಾಸ್ಕೆಟ್‌ಗೆ ಹಾನಿ ಮಾಡಬಲ್ಲವು. ತುಕ್ಕು ಬಿಡಿಸುವ ಎಣ್ಣೆ ತಾತ್ಕಾಲಿಕವಾಗಿ ಬೆಜೆಲನ್ನು ಸಡಿಲಿಸಿದರೂ ಧೂಳನ್ನು ಹಿಡಿದಿಟ್ಟು ಸಮಸ್ಯೆಯನ್ನು ಹೆಚ್ಚಿಸುತ್ತದೆ. ಇಕ್ಕಳದಿಂದ ಹಿಡಿದು ತಿರುಗಿಸಿದರೆ ಚಿನ್ನದ ಬಳೆ ನೆಗ್ಗಬಹುದು. ಸೆರಾಮಿಕ್ ಪಟ್ಟಿ ಗೀರು ಬೀಳದಷ್ಟು ಗಟ್ಟಿಯಾದರೂ ಪೆಟ್ಟಿಗೆ ಒಡೆಯುತ್ತದೆ.

ಬಿಚ್ಚಿ ದುರಸ್ತಿ ಮಾಡುವುದು

ತೊಳೆಯುವುದರಿಂದ ಸರಿಹೋಗದಿದ್ದರೆ ಬೆಜೆಲನ್ನು ಬಿಚ್ಚಬೇಕಾಗುತ್ತದೆ. ದುರಸ್ತಿಗಾರರು ಕೇಸ್‌ಗೆ ಅಂಟುಪಟ್ಟಿ ಹಚ್ಚಿ, ತೆಳುವಾದ ಅಲಗನ್ನು ಸಂದಿಗೆ ತೂರಿಸಿ, ಸುತ್ತಲೂ ಸಮನಾಗಿ ಸ್ವಲ್ಪ ಸ್ವಲ್ಪವೇ ಮೇಲೆತ್ತುತ್ತಾರೆ. ಕೆಲವು ಮಾದರಿಗಳಲ್ಲಿ ಬೆಜೆಲನ್ನು ತಿರುಪುಗಳಿಂದ ಬಿಗಿದಿರುವುದರಿಂದ ಈ ಕ್ರಮ ಅವುಗಳಿಗೆ ಹೊಂದುವುದಿಲ್ಲ. ಸ್ಪ್ರಿಂಗ್ ಮತ್ತು ಗುಂಡು ಹಾರಿ ಕಳೆದುಹೋಗದಂತೆ ಎಚ್ಚರ ವಹಿಸಿ, ಅವುಗಳ ಸ್ಥಾನವನ್ನು ಗುರುತಿಸಿಕೊಳ್ಳಲಾಗುತ್ತದೆ. ಭಾಗಗಳನ್ನು ಶುಚಿಗೊಳಿಸಿ, ಹಾಳಾದ ಸ್ಪ್ರಿಂಗ್ ಮತ್ತು ಗ್ಯಾಸ್ಕೆಟ್ ಬದಲಿಸಿ, ಗ್ಯಾಸ್ಕೆಟ್‌ಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ, ಬೆಜೆಲನ್ನು ಒತ್ತುಯಂತ್ರದಿಂದ ಸಮನಾಗಿ ಕೂರಿಸಲಾಗುತ್ತದೆ. ಗಾಜಿನ ಸುತ್ತಲಿನ ಭಾಗ ಅಲುಗಾಡಿದ್ದರೆ ನೀರುನಿರೋಧಕತೆಯ ಒತ್ತಡ ಪರೀಕ್ಷೆ ಅಗತ್ಯ.

1960ರ ದಶಕದವರೆಗಿನ ಅನೇಕ ಗಡಿಯಾರಗಳಲ್ಲಿ ಹೊಳೆಯುವ ಗುರುತುಗಳಿಗೆ ರೇಡಿಯಂನಂತಹ ವಿಕಿರಣಶೀಲ ವಸ್ತುವನ್ನು ಬಳಸಲಾಗುತ್ತಿತ್ತು. ಇಂತಹ ಬಣ್ಣ ಒಡೆದು ಪುಡಿಯಾಗಿ ಉಸಿರಿನೊಂದಿಗೆ ದೇಹ ಸೇರಿದರೆ ಅಪಾಯಕಾರಿ. ಆದ್ದರಿಂದ ಆ ಕಾಲದ ಬೆಜೆಲ್‌ಗಳನ್ನು ಮನೆಯಲ್ಲಿ ಉಜ್ಜುವುದಾಗಲಿ ಬಿಚ್ಚುವುದಾಗಲಿ ಸಲ್ಲದು.

ಪರಿಶೀಲನೆ ಮತ್ತು ನಿರ್ವಹಣೆ

ದುರಸ್ತಿಯ ಬಳಿಕ ಬೆಜೆಲ್ ಪೂರ್ಣ ಸುತ್ತು ಸಮನಾಗಿ ತಿರುಗಬೇಕು, ಪ್ರತಿ ಕ್ಲಿಕ್‌ನಲ್ಲಿ ಸ್ಥಿರವಾಗಿ ನಿಲ್ಲಬೇಕು, ಶೂನ್ಯದ ಗುರುತು 12ರ ಗುರುತಿಗೆ ನೇರವಾಗಿರಬೇಕು. ಏಕದಿಕ್ಕಿನ ಬೆಜೆಲ್ ಹಿಂದಕ್ಕೆ ತಿರುಗಿದರೆ ಅಥವಾ ಅತಿಯಾಗಿ ಸಡಿಲವಿದ್ದರೆ ಆ ಗಡಿಯಾರ ಮುಳುಗುವಿಕೆಗೆ ಯೋಗ್ಯವಲ್ಲ. ಸಮುದ್ರದಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ತೊಳೆಯುವಾಗ ಬೆಜೆಲನ್ನು ಕೆಲವು ಸುತ್ತು ತಿರುಗಿಸುವುದರಿಂದ ಉಪ್ಪು ಮತ್ತು ಮರಳು ಸಂದಿಯಲ್ಲಿ ಗಟ್ಟಿಯಾಗುವುದನ್ನು ತಡೆಯಬಹುದು.