ಕತ್ತಿ ಕಟ್ಟಿದ ಬಾಣ: ಮೈಸೂರು ಸೈನ್ಯದ ಒಂದು ಸಂಯುಕ್ತಾಯುಧದ ರಚನೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರವು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನಗಳಿಂದಾಗಿ ವಿದ್ವತ್ ಲೋಕಕ್ಕೆ ಪರಿಚಿತವಾದ ಗ್ರಾಮ. ಅದರ ನೆರೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾಸಮಾಧಿಗಳಿಂದ ಕಬ್ಬಿಣದ ಆಯುಧೋಪಕರಣಗಳು ದೊರೆತವು. ಈ ಸೀಮೆಯಲ್ಲಿ ಕಬ್ಬಿಣದ ಬಳಕೆ ಎರಡು ಸಾವಿರ ವರ್ಷಗಳಿಗೂ ಹಿಂದಿನದು. ಮದ್ದಿನ ಬಳಕೆಯಾದರೋ ತೀರ ಈಚಿನದು; ಅದರ ಕುರುಹಾಗಿ ಚಿತ್ರದುರ್ಗದ ಕೋಟೆಯೊಳಗೆ ಮದ್ದು ಬೀಸುವ ಭಾರಿ ಕಲ್ಲುಗಳು ಇಂದಿಗೂ ಇವೆ. 1779ರಲ್ಲಿ ಆ ಕೋಟೆಯು ಹೈದರಾಲಿಯ ವಶವಾಯಿತು. ಹರಿತವಾದ ಅಲಗು, ಉರಿಯುವ ಮದ್ದು ಎಂಬ ಈ ಎರಡು ಪರಂಪರೆಗಳು ಒಂದೇ ಆಯುಧದಲ್ಲಿ ಕೂಡಿದ್ದು ಹೈದರ್ ಮತ್ತು ಟಿಪ್ಪು ಸುಲ್ತಾನರ ಸೈನ್ಯದ ಕತ್ತಿ ಕಟ್ಟಿದ ಬಾಣದಲ್ಲಿ. ಸಂಯುಕ್ತಾಯುಧಗಳ ಚರ್ಚೆಯಲ್ಲಿ ಅದಕ್ಕೆ ಸಲ್ಲಬೇಕಾದ ಸ್ಥಾನ ಸಂದಿಲ್ಲ.

ಮದ್ದಿನ ಆಯುಧವನ್ನೂ ಕೈಯಾಯುಧವನ್ನೂ ಬೆಸೆಯುವ ಆಸೆ ಲೋಕದಲ್ಲೆಲ್ಲ ಇತ್ತು. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಯುಧಾಗಾರದಲ್ಲಿ ಮೂರು ನಳಿಗೆಗಳನ್ನು ಅಡಗಿಸಿದ ಮುಳ್ಳುಗದೆಯೂ ನಡುವೆ ಕೋವಿ ಕೂರಿಸಿದ ಗುರಾಣಿಗಳೂ ಇದ್ದವು. ಉತ್ತರ ಭಾರತದಲ್ಲಿ ಪಿಸ್ತೂಲು ಜೋಡಿಸಿದ ಕಠಾರಿಗಳು ತಯಾರಾದವು. ಅಮೆರಿಕದಲ್ಲಿ ಜಾರ್ಜ್ ಎಲ್ಗಿನ್ 1837ರಲ್ಲಿ ಹಕ್ಕುಸ್ವಾಮ್ಯ ಪಡೆದ ಕತ್ತಿ-ಪಿಸ್ತೂಲನ್ನು ಅಲ್ಲಿನ ನೌಕಾದಳವು 150ರ ಸಂಖ್ಯೆಯಲ್ಲಿ ಮಾತ್ರ ಕೊಂಡಿತು. ಇವುಗಳ ದೋಷ ಬಹುಮಟ್ಟಿಗೆ ಒಂದೇ. ನಳಿಗೆಯ ಭಾರದಿಂದ ಕತ್ತಿಯ ತೂಕದ ಸಮತೋಲ ಕೆಡುತ್ತದೆ. ಅಲಗು ಅಡ್ಡಬಂದು ಗುರಿಯೂ ಮದ್ದು ತುಂಬುವ ಕೆಲಸವೂ ತೊಡಕಾಗುತ್ತವೆ. ಬಯೊನೆಟ್ ಒಂದೇ ದೀರ್ಘಕಾಲ ಬಾಳಿತು. ಅದು ಕೂಡ ಮೊದಲು ನಳಿಗೆಯ ಬಾಯಿಗೇ ತುರುಕುವ ಬೆಣೆಯಾಗಿತ್ತು. 1689ರ ಕಿಲ್ಲಿಕ್ರಾಂಕಿ ಕದನದಲ್ಲಿ ಗುಂಡು ಹಾರಿಸಿದ ಸೈನಿಕರು ಅದನ್ನು ಸಿಕ್ಕಿಸಿಕೊಳ್ಳುವಷ್ಟರಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನ ಯೋಧರು ಮೇಲೆ ಬಿದ್ದಿದ್ದರು. ನಳಿಗೆಯ ಹೊರಮೈಗೆ ತೊಡಿಸುವ ಬಳೆ ಬಂದ ಮೇಲಷ್ಟೆ ಎರಡು ಆಯುಧಗಳು ಒಂದಕ್ಕೊಂದು ತಡೆಯಾಗದೆ ಕೂಡಿದವು.

ಮೈಸೂರಿನ ಬಾಣದ ರಚನೆ ಇವೆಲ್ಲಕ್ಕಿಂತ ಭಿನ್ನ. ಕನ್ನಡದಲ್ಲಿ ಬಿಲ್ಲಿನಿಂದ ಹೂಡುವುದೂ ಬಾಣವೇ, ಮದ್ದಿನಿಂದ ಹಾರುವುದೂ ಬಾಣವೇ. 'ಬಾಣಬಿರುಸು' ಎಂಬ ಜೋಡುನುಡಿಯಲ್ಲಿ ಆ ಅರ್ಥ ಈಗಲೂ ಉಳಿದಿದೆ. ಕಾಗದದ ಕೊಳವೆಗೆ ಬದಲಾಗಿ ಬಡಿದು ಸುತ್ತಿದ ಮೆದುಕಬ್ಬಿಣದ ಕೊಳವೆಯನ್ನು ಬಳಸಿದ್ದೇ ಮೈಸೂರಿನ ವೈಶಿಷ್ಟ್ಯ. ಕಬ್ಬಿಣವು ಹೆಚ್ಚಿನ ಒತ್ತಡವನ್ನು ತಾಳುವುದರಿಂದ ಮದ್ದನ್ನು ಬಿಗಿಯಾಗಿ ಗಿಡಿಯಬಹುದಾಗಿತ್ತು. ಒಂದು ತುದಿಯನ್ನು ಮುಚ್ಚಿ ಇನ್ನೊಂದರಲ್ಲಿ ಉರಿ ಹೊರಬರಲು ರಂಧ್ರ ಬಿಟ್ಟರೆ ನೋದನ ಸಿದ್ಧ. ಆದರೆ ಬರಿಯ ಕೊಳವೆ ಹಾರಿದೊಡನೆ ಗಿರಕಿ ಹೊಡೆಯುತ್ತದೆ. ಅದು ಮುಖ ತಿರುಗಿಸದೆ ಸಾಗಬೇಕಾದರೆ ಹಿಂದೆ ಉದ್ದನೆಯ ಬಾಲ ಇರಬೇಕು.

ಲಂಡನ್ನಿನ ವೂಲ್ವಿಚ್‌ನಲ್ಲಿ ರಾಯಲ್ ಆರ್ಟಿಲರಿ ವಸ್ತುಸಂಗ್ರಹಾಲಯದಲ್ಲಿದ್ದ ಎರಡು ಮಾದರಿಗಳು ಈ ಬಾಲದ ಎರಡು ಬಗೆಗಳನ್ನು ತೋರಿಸುತ್ತವೆ. ಒಂದರ ಕೊಳವೆ 10 ಅಂಗುಲ ಉದ್ದ, 2.3 ಅಂಗುಲ ಹೊರವ್ಯಾಸದ್ದು. ಅದನ್ನು ತೊಗಲಿನ ಪಟ್ಟಿಗಳಿಂದ 3 ಅಡಿ 4 ಅಂಗುಲದ ನೇರ ಕತ್ತಿಯಲಗಿಗೆ ಬಿಗಿಯಲಾಗಿದೆ. ಇನ್ನೊಂದರ ಕೊಳವೆ 7.8 ಅಂಗುಲ ಉದ್ದ, 1.5 ಅಂಗುಲ ವ್ಯಾಸದ್ದು. ಅದರ ಬಾಲ 6 ಅಡಿ 3 ಅಂಗುಲದ ಬಿದಿರು. ಈ ಅಳತೆಗಳನ್ನು ಹೋಲಿಸಿದರೆ ಕಟ್ಟಿದವರ ಲೆಕ್ಕಾಚಾರ ತಿಳಿಯುತ್ತದೆ. ಕತ್ತಿಯು ಬಿದಿರಿಗಿಂತ ಭಾರ, ಉದ್ದದಲ್ಲಿ ಹೆಚ್ಚುಕಡಿಮೆ ಅರ್ಧ. ದೂರ ಸಾಗುವುದೊಂದೇ ಗುರಿಯಾಗಿದ್ದರೆ ಬಿದಿರೇ ಲೇಸು. ಅದು ಹಗುರ, ಅಗ್ಗ. ಉಕ್ಕಿನ ಭಾರ ಹೊರಲು ಮದ್ದು ಹೆಚ್ಚು ಬೇಕು. ಹೊರ ಅಳತೆಯ ಪ್ರಕಾರ ಕತ್ತಿ ಕಟ್ಟಿದ ಕೊಳವೆಯ ಗಾತ್ರ ಬಿದಿರು ಕಟ್ಟಿದ್ದರ ಸುಮಾರು ಮೂರರಷ್ಟಿರುವುದು ಇದಕ್ಕೆ ಹೊಂದುತ್ತದೆ. ಹೀಗೆ ತೆತ್ತ ಬೆಲೆಗೆ ಪ್ರತಿಫಲವಾಗಿ, ವೇಗ ಕುಂದಿ ಬಾಣವು ಹೊರಳತೊಡಗಿದಾಗ ಅದೇ ಬಾಲವು ಕಾಲಾಳು ಕುದುರೆಗಳ ನಡುವೆ ಬೀಸುವ ಅಲಗಾಗುತ್ತಿತ್ತು. ಹಾರುವಾಗ ಚುಕ್ಕಾಣಿ, ಬೀಳುವಾಗ ಕತ್ತಿ. ಹೆನ್ರಿಯ ಗದೆಯಲ್ಲಿ ಎರಡು ಆಯುಧಗಳು ಒಂದರ ಪಕ್ಕದಲ್ಲಿ ಇನ್ನೊಂದು ಸುಮ್ಮನೆ ಇದ್ದವು. ಇಲ್ಲಿ ಮಾತ್ರ ಒಂದಿಲ್ಲದೆ ಇನ್ನೊಂದು ನಡೆಯದು. ಆದ್ದರಿಂದ ಈ ಅಲಗನ್ನು ಅಲಂಕಾರವೆಂದೋ ಕ್ರೌರ್ಯದ ಹುಚ್ಚೆಂದೋ ತಳ್ಳಿಹಾಕುವುದು ಸರಿಯಲ್ಲ.

1780ರ ಪೊಳ್ಳಿಲೂರು ಕದನದಿಂದ 1799ರ ಶ್ರೀರಂಗಪಟ್ಟಣದ ಪತನದವರೆಗೆ ಕಂಪನಿಯ ಸೈನ್ಯವು ಈ ಬಾಣಗಳ ಏಟು ತಿಂದಿತು. ಮುಂದೆ ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ ಕಬ್ಬಿಣದ ಕೊಳವೆಯನ್ನು ಉಳಿಸಿಕೊಂಡು ಮರದ ಕೋಲನ್ನು ಬಾಲವಾಗಿಸಿದ. ಅವನ ಬಾಣಗಳು 1806ರಲ್ಲಿ ಬುಲೋನ್ ಬಂದರಿನ ಮೇಲೆ ಬಿದ್ದವು. ದೂರದಿಂದ ಊರು, ಹಡಗುಗಳನ್ನು ಸುಡಬೇಕಾಗಿದ್ದವನಿಗೆ ಅಲಗಿನ ಅಗತ್ಯವಿರಲಿಲ್ಲ. ಸಂಯುಕ್ತಾಯುಧದ ಕಥೆ ಯುರೋಪಿಗೆ ಹೋದದ್ದು ಅರ್ಧ ಮಾತ್ರ.

ಉಳಿದರ್ಧಕ್ಕೆ ಆಧಾರ ಹುಡುಕಬೇಕಾದ್ದು ಕರ್ನಾಟಕದಲ್ಲೇ. ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯೊಂದರಲ್ಲಿ 2018ರಲ್ಲಿ ರಾಜ್ಯ ಪುರಾತತ್ತ್ವ ಇಲಾಖೆಗೆ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು ದೊರೆತವು. ಅವುಗಳ ಉದ್ದ 23ರಿಂದ 26 ಸೆಂಟಿಮೀಟರ್. ವೂಲ್ವಿಚ್‌ನ ಎರಡು ಕೊಳವೆಗಳಲ್ಲಿ ಈ ಮಿತಿಯೊಳಗೆ ಬರುವುದು ಕತ್ತಿ ಕಟ್ಟಿದ 10 ಅಂಗುಲದ್ದೇ, ಅಂದರೆ 25.4 ಸೆಂಟಿಮೀಟರಿನದು, ಬಿದಿರಿನದು 20 ಸೆಂಟಿಮೀಟರಿಗೂ ಕಡಿಮೆ. ಇಷ್ಟರಿಂದಲೇ ನಗರದ ಬಾಣಗಳೆಲ್ಲ ಕತ್ತಿಗಾಗಿ ಮಾಡಿದವೆಂದು ಹೇಳಲಾಗದು. ದೊಡ್ಡ ಕೊಳವೆಗೆ ಉದ್ದನೆಯ ಬಿದಿರನ್ನೂ ಕಟ್ಟಬಹುದು. ತೊಗಲುಪಟ್ಟಿಯ ಬಿಗಿತದಿಂದ ಕೊಳವೆಯ ಮೈಮೇಲೆ ಮೂಡಿರಬಹುದಾದ ಗುರುತುಗಳನ್ನೂ ಪ್ರತಿಯೊಂದರ ತೂಕ, ವ್ಯಾಸಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಯಾವುದು ಬಿದಿರಿನ ಬಾಣ, ಯಾವುದು ಕತ್ತಿಯ ಬಾಣ ಎಂಬುದನ್ನು ಬೇರ್ಪಡಿಸಲು ಸಾಧ್ಯವಾದೀತು.