ಕಡಲ ಮಂಜುಗಡ್ಡೆಯ ದಪ್ಪ ಮಾಪನ
ಧ್ರುವ ಸಮುದ್ರಗಳ ನೀರು ಹೆಪ್ಪುಗಟ್ಟಿ ತೇಲುವ ಮಂಜುಗಡ್ಡೆಯ ದಪ್ಪವನ್ನು ಸ್ಥಳದಲ್ಲಿಯೂ ಬಾಹ್ಯಾಕಾಶದಿಂದಲೂ ಅಳೆಯುವ ವಿಧಾನ. ರಂಧ್ರ ಕೊರೆದು ಅಳತೆಪಟ್ಟಿ ಇಳಿಬಿಡುವುದು ಅತ್ಯಂತ ನೇರವಾದ, ನಿಧಾನವಾದ ಕ್ರಮ. ವಿದ್ಯುತ್ಕಾಂತೀಯ ಉಪಕರಣವನ್ನು ಜಾರುಬಂಡಿಯಲ್ಲಿ ಎಳೆದು ಅಥವಾ ಹೆಲಿಕಾಪ್ಟರಿಗೆ ತೂಗುಹಾಕಿ ದೂರದವರೆಗೆ ಅಳೆಯುವುದುಂಟು. ಜಲಾಂತರ್ಗಾಮಿಗಳ ಮೇಲ್ಮುಖ ಸೋನಾರ್ 1958ರಿಂದ ಆರ್ಕ್ಟಿಕ್‌ನ ದಾಖಲೆ ಒದಗಿಸಿದೆ. ಮಂಜುಗಡ್ಡೆ ತೆಳುವಾಗುತ್ತಿರುವುದಕ್ಕೆ ಮೊದಲ ಬಲವಾದ ಸಾಕ್ಷ್ಯ ಇದರಿಂದಲೇ ದೊರೆಯಿತು. ಉಪಗ್ರಹಗಳು ದಪ್ಪವನ್ನು ನೇರವಾಗಿ ಅಳೆಯುವುದಿಲ್ಲ. ಬಿರುಕುಗಳಲ್ಲಿ ಕಾಣುವ ನೀರಿನ ಮಟ್ಟಕ್ಕಿಂತ ಮಂಜುಗಡ್ಡೆ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅವು ಗುರುತಿಸುತ್ತವೆ. ಒಟ್ಟು ದಪ್ಪದ ಸುಮಾರು ಹತ್ತರಲ್ಲೊಂದು ಪಾಲಾದ ಈ ಎತ್ತರಕ್ಕೆ ಸಾಂದ್ರತೆಯ ಲೆಕ್ಕ ಸೇರಿಸಿ ದಪ್ಪವನ್ನು ಪಡೆಯಲಾಗುತ್ತದೆ. ಹೀಗಾಗಿ ಎತ್ತರದಲ್ಲಿನ ಸಣ್ಣ ದೋಷವೂ ಹಲವು ಪಟ್ಟು ಹಿಗ್ಗುತ್ತದೆ. ಯುರೋಪಿನ ಕ್ರಯೋಸ್ಯಾಟ್-2 (2010) ರೇಡಾರನ್ನೂ ನಾಸಾದ ಐಸ್‌ಸ್ಯಾಟ್-2 (2018) ಲೇಸರನ್ನೂ ಬಳಸುತ್ತವೆ. ಲೇಸರ್ ಹಿಮದ ಮೇಲ್ಮೈಯಿಂದಲೇ ಮರಳಿದರೆ ರೇಡಾರ್ ಒಣಹಿಮದೊಳಗೆ ಇಳಿಯುತ್ತದೆ. ಮೇಲೆ ಬಿದ್ದ ಹಿಮದ ಆಳವೇ ದೊಡ್ಡ ಅನಿಶ್ಚಿತತೆಯಾದ್ದರಿಂದ ಕ್ಷೇತ್ರಮಾಪನ ಇಂದಿಗೂ ಅನಿವಾರ್ಯ.