ಉತ್ತರಾ ಮುಂದ ಏನಾದಳು?

2019ರ ಏಪ್ರಿಲ್ ತಿಂಗಳ ಕೊನೆಯ ವಾರ. ನಮ್ಮ ಕಲಬುರಗಿಯ ಬಿಸಿಲಿನ ಬಗ್ಗೆ ನಾನು ಬೇರೆ ಹೇಳಬೇಕಾಗಿಲ್ಲ. ಮಗಳ ಮಗ ಎಂಟನೆಯ ಇಯತ್ತೆ ಮುಗಿಸಿ ರಜೆಗೆ ಬಂದಿದ್ದ. "ಆಯಿ, ಟಾಕೀಸಿನಾಗ ತಂಪ ಅದ, ನಡಿ" ಎಂದು ಮಧ್ಯಾಹ್ನದ ಆಟಕ್ಕೆ ನನ್ನನ್ನು ಎಬ್ಬಿಸಿಕೊಂಡು ಹೋದ. ಚಿತ್ರದ ಹೆಸರು 'ಅವೆಂಜರ್ಸ್: ಎಂಡ್‌ಗೇಮ್'. ಮೂರು ಗಂಟೆಯ ಚಿತ್ರ. ಅಮೆರಿಕದ ವೀರರೆಲ್ಲ ಹಿಂದಿಯಲ್ಲಿ ಮಾತಾಡುತ್ತಿದ್ದರು. ಅರ್ಧದಲ್ಲಿ ನಿದ್ದೆ ಹೋದೇನು ಎಂದುಕೊಂಡು ಕೂತವಳು ಕೊನೆಗೆ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಹುಡುಗ ಗಾಬರಿಯಾಗಿ ನನ್ನ ಮುಖವನ್ನೇ ನೋಡುತ್ತಿದ್ದ.

ಆ ಬೇಸಿಗೆಯಲ್ಲಿ ಅವನು ಹಿಂದಿನ ಭಾಗಗಳನ್ನೆಲ್ಲ ಮನೆಯಲ್ಲೇ ತೋರಿಸಿದ. ಆಮೇಲೆ ಬಂದವುಗಳನ್ನೂ ಬಿಟ್ಟಿಲ್ಲ. ಅರವತ್ತು ದಾಟಿದ ಹೆಂಗಸಿಗೆ ಇದೇನು ಹುಚ್ಚು ಎಂದು ನೀವು ನಗಬಹುದು. ಆದರೆ ನನಗೆ ಇದು ಹೊಸ ಆಟವಲ್ಲ. ಹವಳಗಾದ ಗುಡಿಯ ಮುಂದೆ, ಗ್ಯಾಸಬತ್ತಿಯ ಬೆಳಕಿನಲ್ಲಿ, ಒಂಬತ್ತು ವರ್ಷದವಳಿದ್ದಾಗಲೇ ಇದನ್ನು ನೋಡಿದ್ದೆ.

ಹವಳಗಾ ನನ್ನ ತವರೂರು, ಅಫಜಲಪುರ ತಾಲ್ಲೂಕಿನದು. ಭೀಮಾ ನದಿಯ ಸೀಮೆ. ಒಂದು ಕಡೆ ಗಾಣಗಾಪುರದ ದತ್ತಾತ್ರೇಯ, ಇನ್ನೊಂದು ಕಡೆ ಘತ್ತರಗಿಯ ಭಾಗ್ಯವಂತಿ. ಈಗ ಅಲ್ಲಿ ಸಕ್ಕರೆ ಕಾರ್ಖಾನೆ ಇದೆ, ಕಬ್ಬಿನ ಲಾರಿಗಳ ಸಾಲು ಇದೆ. ನನ್ನ ಬಾಲ್ಯದಲ್ಲಿ ಇದ್ದದ್ದು ಜೋಳ, ತೊಗರಿ ಮತ್ತು ಸುಗ್ಗಿ ಮುಗಿದ ಮೇಲಿನ ದೊಡ್ಡಾಟ. ಹಗಲು ಹೊಲದಲ್ಲಿ ದುಡಿದವರೇ ರಾತ್ರಿ ಕಿರೀಟ, ಭುಜಕೀರ್ತಿ, ಎದೆಹಾರ ಕಟ್ಟಿಕೊಂಡು ದೇವತೆಗಳಾಗುತ್ತಿದ್ದರು.

ದೊಡ್ಡಾಟ ನೋಡಿದವರಿಗೆ ಗೊತ್ತು, ಅಲ್ಲಿ ಯಾವ ವೀರನೂ ಸುಮ್ಮನೆ ಬರುವುದಿಲ್ಲ. ಅವನು ರಂಗಕ್ಕೆ ಬಂದು ಕುಣಿದು ನಿಂತ ಕೂಡಲೆ ಸಾರಥಿ ಎದುರಾಗಿ, ತಾವು ಯಾರು, ಯಾವ ದೇಶದವರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ವೀರ ತನ್ನ ಕುಲ, ಬಲ, ಬಿರುದು ಎಲ್ಲ ಹೇಳಿಕೊಳ್ಳುತ್ತಾನೆ. ಭೀಮನಿಗೆ ಒಂದು ಬಗೆಯ ಕುಣಿತ, ಕೃಷ್ಣನಿಗೆ ಇನ್ನೊಂದು. ಐದು ಮಂದಿ ಪಾಂಡವರು ಹೀಗೆ ಒಬ್ಬೊಬ್ಬರಾಗಿ ಬಂದು ಹೇಳಿಕೊಳ್ಳುವಷ್ಟರಲ್ಲಿ ಅರ್ಧ ರಾತ್ರಿ ಕಳೆಯುತ್ತಿತ್ತು. ಊರ ಗೌಡರ ಮನೆಯವರು ಯಾರಾದರೂ ಪಾರ್ಟು ಹಾಕಿದ್ದರೆ ಅವರಿಗೆ ಎರಡು ಪದ ಹೆಚ್ಚು. ಬಹಳ ವೀರರನ್ನು ಒಂದೇ ಕಥೆಯಲ್ಲಿ ಕೂಡಿಸುವ ತ್ರಾಸು ಇದೇ. 2012ರಲ್ಲಿ ಬಂದ ಮೊದಲ 'ಅವೆಂಜರ್ಸ್' ಚಿತ್ರದಲ್ಲಿ ಆರು ಮಂದಿ ಒಬ್ಬೊಬ್ಬರಾಗಿ ಬಂದು, ತಮ್ಮ ತಮ್ಮಲ್ಲೇ ಜಗಳಾಡಿ, ಕೊನೆಗೆ ಒಂದಾಗುವುದನ್ನು ನೋಡಿದಾಗ ನನಗೆ ಕಾಣೆಯಾದದ್ದು ಸಾರಥಿಯೊಬ್ಬನೇ.

ಈಗ ನನ್ನ ಅತ್ತಿಯ ವಿಷಯ ಹೇಳಬೇಕು. ಅಪ್ಪನ ಅಕ್ಕ. ಹದಿನಾಲ್ಕಕ್ಕೆ ಮದುವೆಯಾಗಿ, ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಊರ ಹೆಂಗಸರೆಲ್ಲ ಗುಡಿಯ ಕಟ್ಟೆಯ ಮೇಲೆ ಕೂತು ಆಟ ನೋಡಿದರೆ, ಅವಳು ಎದುರು ಮನೆಯ ಕದದ ಹಿಂದೆ ಕೂಡುತ್ತಿದ್ದಳು. ನಾನು ಅವಳ ತೊಡೆಯ ಮೇಲೆ. ಆ ವರ್ಷ ಅಭಿಮನ್ಯು ಕಾಳಗ. ಉತ್ತರೆಯ ಪಾರ್ಟು ಹಾಕಿದವನು ನಮ್ಮ ಓಣಿಯ ಗಂಡಸೇ. ಹೆಣ್ಣು ಪಾರ್ಟನ್ನೂ ಗಂಡಸರೇ ಮಾಡುವ ಕಾಲ ಅದು. ಯುದ್ಧಕ್ಕೆ ಹೋಗಬೇಡ ಎಂದು ಅವನು ಸೆರಗೊಡ್ಡಿ ಅತ್ತ. ಅಭಿಮನ್ಯು ಹೋದ, ಚಕ್ರವ್ಯೂಹದಲ್ಲಿ ಬಿದ್ದ. ಸ್ವಲ್ಪ ಹೊತ್ತಿಗೆ ಉತ್ತರೆಯಾಗಿದ್ದವನೇ ಸೀರೆ ಬಿಚ್ಚಿಟ್ಟು, ಕಚ್ಚೆ ಹಾಕಿಕೊಂಡು, ಕೌರವರ ಕಡೆಯ ದೂತನಾಗಿ ಬಂದ. ಮಂದಿ ನಕ್ಕರು. ಅತ್ತಿ ನಗಲಿಲ್ಲ.

ಮರುದಿನ ಆಟ ಕಲಿಸಿದ ಮಾಸ್ತರರು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಅತ್ತಿ ಒಳಗಿನಿಂದಲೇ ಕೇಳಿದಳು, "ಮಾಸ್ತರ್‍ರೀ, ಉತ್ತರಾ ಮುಂದ ಏನಾದಳ್ರೀ?"

"ಏನಾಗ್ತಾಳವ್ವಾ, ಆಕಿ ಪಾರ್ಟ್ ಮುಗೀತು. ಮುಂದ ಸೈಂಧವನ ವಧಾ ಅದ" ಎಂದರು ಅವರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರ ಕೈಯಲ್ಲಿದ್ದ ಪದದ ಪುಸ್ತಕದಲ್ಲಿ ಅಷ್ಟೇ ಇತ್ತು.

ಮುಂದೆ ಏನಾಯಿತು ಎಂಬ ಪ್ರಶ್ನೆಯಿಂದಲೇ ಎರಡನೆಯ ಭಾಗಗಳು ಹುಟ್ಟುವುದು. ಇದನ್ನು ಸಿನಿಮಾದವರು ಕಂಡುಹಿಡಿದರು ಎಂದು ನನ್ನ ಮೊಮ್ಮಗ ತಿಳಿದಿದ್ದ. ಅವನಿಗೆ ನಮ್ಮ ಕನ್ನಡದ್ದೇ ಹಳೆಯ ಲೆಕ್ಕ ಹೇಳಿದೆ. ಗದುಗಿನ ಕುಮಾರವ್ಯಾಸ ಭಾರತವನ್ನು ಹತ್ತು ಪರ್ವಕ್ಕೆ, ಗದಾಪರ್ವದಲ್ಲಿ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಪೂರ್ತಿ ಮಾಡಿದ. ಎರಡನೆಯ ಭಾಗಕ್ಕೆ ಎರಡನೆಯ ಕವಿ. ಇನ್ನು ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶನ 'ಜೈಮಿನಿ ಭಾರತ'ವಂತೂ 34 ಸಂಧಿಗಳ ಮುಂದುವರಿದ ಕಥೆಯೇ. ಯುದ್ಧ ಮುಗಿದಿದೆ, ಧರ್ಮರಾಯ ಅಶ್ವಮೇಧಕ್ಕೆ ಕುದುರೆ ಬಿಡುತ್ತಾನೆ, ಅದರ ಹಿಂದೆ ಅರ್ಜುನ ಹೊರಡುತ್ತಾನೆ.

ಆ ಕಾವ್ಯವನ್ನು ಓದಿದಾಗಲೇ ನನಗೆ ಒಂದು ಮಾತು ಹೊಳೆದದ್ದು. ಮೊದಲ ಭಾಗ ಪರಾಕ್ರಮದ್ದಾದರೆ ಎರಡನೆಯ ಭಾಗ ಲೆಕ್ಕದ್ದು. ಗೆದ್ದ ವೀರನನ್ನು ನಿಲ್ಲಿಸಿ ಕೇಳುವವರು ಅಲ್ಲಿ ಬರುತ್ತಾರೆ, ಅವರಲ್ಲಿ ಹೆಂಗಸರೇ ಹೆಚ್ಚು. ಜ್ವಾಲೆ ಎಂಬ ರಾಣಿ ಗಂಗೆಯನ್ನು, ನಿನ್ನ ಮಗ ಭೀಷ್ಮನನ್ನು ಕೊಂದವನು ಸುಖವಾಗಿದ್ದಾನಲ್ಲ ಎಂದು ಚುಚ್ಚುತ್ತಾಳೆ. ಗಂಗೆ ಅರ್ಜುನನನ್ನು ಶಪಿಸುತ್ತಾಳೆ. ಜ್ವಾಲೆ ಬೆಂಕಿಗೆ ಹಾರಿ ಬಾಣವಾಗಿ ಬಭ್ರುವಾಹನನ ಬತ್ತಳಿಕೆ ಸೇರುತ್ತಾಳೆ. ಹೆಂಗಸರದೇ ರಾಜ್ಯ ಆಳುವ ಪ್ರಮೀಳೆ ಕುದುರೆ ಕಟ್ಟಿಹಾಕುತ್ತಾಳೆ. ಮಣಿಪುರದಲ್ಲಿ ಮಗ ಬಭ್ರುವಾಹನ ಕಾಣಿಕೆ ಹಿಡಿದು ಬಂದರೆ ಅರ್ಜುನ ಅವನನ್ನು ಒದೆಯುತ್ತಾನೆ, ಚಿತ್ರಾಂಗದೆಯ ಶೀಲದ ಮೇಲೇ ಮಾತಾಡುತ್ತಾನೆ. ಕುರುಕ್ಷೇತ್ರ ಗೆದ್ದ ಆ ಅರ್ಜುನನ ತಲೆ ಮಗನ ಬಾಣಕ್ಕೇ ಉರುಳುತ್ತದೆ. ಆಮೇಲೆ ಪಾತಾಳದಿಂದ ಮಣಿ ತಂದು ಬದುಕಿಸುತ್ತಾರೆ, ಆ ಮಾತು ಬೇರೆ. ತಾನು ಬಿಟ್ಟುಹೋದ ಹೆಂಡತಿಯ ಊರಿನಲ್ಲಿ ಅವನು ಒಮ್ಮೆ ಸಾಯಲೇಬೇಕಾಯಿತು.

ಹುಣಸೂರು ಕೃಷ್ಣಮೂರ್ತಿಯವರು ಇದನ್ನೇ 1977ರಲ್ಲಿ 'ಬಭ್ರುವಾಹನ' ಚಿತ್ರ ಮಾಡಿದರು. ರಾಜಕುಮಾರ್ ಅವರೇ ಅರ್ಜುನ, ಅವರೇ ಬಭ್ರುವಾಹನ. ಅದು ನಮ್ಮ ಕಡೆಯ ಟೆಂಟಿಗೆ ಬಂದಾಗ ಅತ್ತಿಯನ್ನು ಕರೆದುಕೊಂಡು ಹೋದೆ. ಅವಳು ನೋಡಿದ ಮೊದಲ ಸಿನಿಮಾ ಅದು. ತಾಯಿಯ ಮಾನಕ್ಕಾಗಿ ಮಗ ತಂದೆಯ ಎದುರು ನಿಂತಾಗ ಟೆಂಟಿನ ಮಂದಿ ಶಿಳ್ಳೆ ಹೊಡೆದರು. ಅತ್ತಿ ಬಂಡಿಯಲ್ಲಿ ಬರುವಾಗ ಒಂದೇ ಮಾತು ಹೇಳಿದಳು, "ಕೇಳವ ಒಬ್ಬವ ಹುಟ್ಟಿದ ನೋಡು."

ಹಾಗೆಂದು ಎರಡನೆಯ ಭಾಗಗಳೆಲ್ಲ ಇಂಥವೇ ಆಗಿರುವುದಿಲ್ಲ. ರಾಜಕುಮಾರ್ ಅವರದೇ ಗೂಢಚಾರಿ ಚಿತ್ರಗಳು ನೆನಪಿರಬಹುದು. ದೊರೆ–ಭಗವಾನ್ ಜೋಡಿ 1968ರಲ್ಲಿ 'ಜೇಡರ ಬಲೆ' ಮಾಡಿತು. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', ಆಮೇಲೆ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ನೋಡಲು ಬಲು ಸೊಗಸು. ಆದರೆ ಅಲ್ಲಿ ಕಥೆ ಮುಂದುವರಿಯುವುದಿಲ್ಲ, ನಾಯಕ ಮರಳಿ ಬರುತ್ತಾನೆ ಅಷ್ಟೇ. ಹಿಂದಿನ ಚಿತ್ರದ ಗಾಯದ ಕಲೆ ಈ ಚಿತ್ರದ ಮೈಮೇಲೆ ಇರುವುದಿಲ್ಲ.

ಮುಂದಿನ ಕಥೆ ಕೇಳುವುದು ಬರೀ ಅಭಿಮಾನಿಗಳ ಹಟವೂ ಅಲ್ಲ. ದೂರದರ್ಶನದ 'ರಾಮಾಯಣ' 1988ರ ಜುಲೈನಲ್ಲಿ ಪಟ್ಟಾಭಿಷೇಕದೊಂದಿಗೆ ಮುಗಿಯಿತು. ಆಗ ಉತ್ತರ ಭಾರತದಲ್ಲಿ ವಾಲ್ಮೀಕಿ ಸಮುದಾಯದ ಪೌರಕಾರ್ಮಿಕರು, ಲವಕುಶರ ಕಥೆ ತೋರಿಸಲೇಬೇಕೆಂದು ಕಸ ಗುಡಿಸುವುದನ್ನೇ ನಿಲ್ಲಿಸಿದರು. ಅದರಲ್ಲಿ ಅವರ ವಾಲ್ಮೀಕಿ ಇದ್ದಾನೆ, ಕಾಡಿಗೆ ಕಳಿಸಿದ ಸೀತೆ ಇದ್ದಾಳೆ. ಆಮೇಲೆ ಉತ್ತರ ರಾಮಾಯಣ ತೆರೆಗೆ ಬಂತು. ಪಟ್ಟಾಭಿಷೇಕಕ್ಕೆ ಮಂಗಳ ಹಾಡಿದರೆ ಸೀತೆಯ ಪಾರ್ಟು ಮುಗಿದ ಹಾಗೆಯೇ ಅಲ್ಲವೆ?

ಅವೆಂಜರ್ಸ್ ಬಗ್ಗೆ ನನ್ನ ಅಭಿಪ್ರಾಯವೂ ಇದೇ ತಕ್ಕಡಿಯದು. 2015ರ ಎರಡನೆಯ ಚಿತ್ರ ನನಗೆ ಸೇರಲಿಲ್ಲ. ವೀರರು ಹೆಚ್ಚಾದರು, ಕಥೆ ಕಡಿಮೆಯಾಯಿತು. 2018ರ 'ಇನ್ಫಿನಿಟಿ ವಾರ್' ಒಳ್ಳೆಯದು, ಏಕೆಂದರೆ ಅಲ್ಲಿ ವೀರರು ಸೋಲುತ್ತಾರೆ, ಅರ್ಧ ಜಗತ್ತು ಬೂದಿಯಾಗಿ ಹಾರಿಹೋಗುತ್ತದೆ. 'ಎಂಡ್‌ಗೇಮ್' ಇನ್ನೂ ಒಳ್ಳೆಯದು. ಅದರ ಮೊದಲ ಒಂದು ಗಂಟೆ ಯುದ್ಧವೇ ಇಲ್ಲ ಎನ್ನಬೇಕು. ಸೋತವರು ಐದು ವರ್ಷ ಹೇಗೆ ಬದುಕಿದರು ಎನ್ನುವುದೇ ಕಥೆ. ಒಬ್ಬ ಕುಡಿದು ಹೊಟ್ಟೆ ಬೆಳೆಸಿದ್ದಾನೆ, ಒಬ್ಬ ಕೆರೆಯ ದಂಡೆಯ ಮೇಲೆ ಮಗಳನ್ನು ಆಡಿಸುತ್ತಿದ್ದಾನೆ. ವೀರರನ್ನು ಅವರವರ ಮನೆಯಲ್ಲಿ ನೋಡುವುದು ನನಗೆ ಇಷ್ಟ.

ಆದರೆ ಒಂದು ತಕರಾರಿದೆ. ಮೊದಲ ಆರು ಮಂದಿಯಲ್ಲಿ ಹೆಂಗಸು ಒಬ್ಬಳೇ, ನತಾಶಾ. 2010ರ 'ಐರನ್ ಮ್ಯಾನ್ 2' ಚಿತ್ರದಿಂದ ಇದ್ದವಳು. 'ಎಂಡ್‌ಗೇಮ್'ನಲ್ಲಿ ಜೊತೆಗಾರ ಬದುಕಲಿ ಎಂದು ತಾನು ಬೆಟ್ಟದಿಂದ ಬೀಳುತ್ತಾಳೆ. ಕೊನೆಗೆ ಐರನ್ ಮ್ಯಾನ್ ಸತ್ತಾಗ ಎಲ್ಲ ವೀರರೂ ಕಪ್ಪು ಬಟ್ಟೆ ಉಟ್ಟು ಸಾಲಾಗಿ ನಿಲ್ಲುತ್ತಾರೆ. ಅವಳಿಗೆ ಅಂಥ ಸಾಲಿಲ್ಲ. ಯುದ್ಧದ ನಡುವೆ ಉಳಿದ ಹೆಂಗಸರೆಲ್ಲ ಒಂದು ಕ್ಷಣ ಒಟ್ಟಿಗೆ ಬಂದು ನಿಲ್ಲುತ್ತಾರೆ, ಮದುವೆ ಮನೆಯಲ್ಲಿ ಫೋಟೋಕ್ಕೆ ನಿಂತ ಹಾಗೆ. ನತಾಶಾಳದೇ ಚಿತ್ರ 'ಬ್ಲ್ಯಾಕ್ ವಿಡೋ' ಬಂದದ್ದು 2021ರಲ್ಲಿ, ಕಥೆಯಲ್ಲಿ ಅವಳು ಸತ್ತು ಎರಡು ವರ್ಷಕ್ಕೆ.

2019ರ ಆಗಸ್ಟಿನಲ್ಲಿ ಕನ್ನಡದ್ದೇ 'ಕುರುಕ್ಷೇತ್ರ' ಬಂತು. ದುರ್ಯೋಧನನೇ ನಾಯಕ. ಹಿಂದಿನ ವರ್ಷ ತೀರಿಕೊಂಡಿದ್ದ ಅಂಬರೀಶ್ ಭೀಷ್ಮನಾಗಿ ಬಂದಾಗ ಟಾಕೀಸೆಲ್ಲ ಎದ್ದು ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ. ಉತ್ತರೆ–ಅಭಿಮನ್ಯುವಿಗೆ ಒಂದು ಹಾಡೂ ಇತ್ತು. ಆಮೇಲೆ ಮತ್ತೆ ಗದೆಗಳ ಸದ್ದು. 2018 ಮತ್ತು 2022ರ 'ಕೆಜಿಎಫ್' ಎರಡೂ ಭಾಗಗಳಲ್ಲಿ ಮಗನನ್ನು ನಡೆಸುವುದು ತಾಯಿಗೆ ಕೊಟ್ಟ ಮಾತು. ಎರಡನೆಯದರಲ್ಲಿ ಸದ್ದು ಹೆಚ್ಚು. ತಾಯಿ ಮಾತ್ರ ಎರಡರಲ್ಲೂ ನೆನಪಾಗಿಯೇ ಬರುತ್ತಾಳೆ.

ಅತ್ತಿಗೆ ನಾನು ಉತ್ತರ ಹೇಳಲು ಹೋದದ್ದೂ ಒಂದು ಸಲ ಇದೆ. ಶಾಲೆಯ ನೌಕರಿ ಸೇರಿ ಹತ್ತಾರು ವರ್ಷವಾದ ಮೇಲೆ, ಒಂದು ದಸರೆಯ ರಜೆಯಲ್ಲಿ ಅವಳ ಪಕ್ಕ ಕೂತು ಹೇಳಿದೆ. ಅಭಿಮನ್ಯು ಸತ್ತಾಗ ಉತ್ತರೆ ಬಸುರಿ. ಅಶ್ವತ್ಥಾಮನ ಅಸ್ತ್ರದಿಂದ ಕೂಸು ಸತ್ತು ಹುಟ್ಟಿತು, ಕೃಷ್ಣ ಬದುಕಿಸಿದ. ಅವನೇ ಪರೀಕ್ಷಿತ. ಪರೀಕ್ಷಿತನ ಮಗ ಜನಮೇಜಯ. ಜೈಮಿನಿ ಋಷಿ ಅಶ್ವಮೇಧದ ಕಥೆ ಹೇಳಿದ್ದು ಆ ಜನಮೇಜಯನಿಗೇ, ಅಂದರೆ ಉತ್ತರೆಯ ಮೊಮ್ಮಗನಿಗೆ.

ಅತ್ತಿ ಕೌದಿ ಹೊಲಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸಿಕೊಂಡು ಅಂದಳು, "ಕೂಸಿಂದು ಆತು. ಮೊಮ್ಮಗಂದು ಆತು. ಆಕಿದು?"

ನನ್ನ ಹತ್ತಿರ ಉತ್ತರವಿರಲಿಲ್ಲ. ಅರ್ಜುನ ಕಾಳಗಕ್ಕೆ ಹೊರಟಾಗ, ಗೆದ್ದು ಬರುವಾಗ ನನ್ನ ಬೊಂಬೆಗಳಿಗೆ ಒಳ್ಳೆಯ ಬಟ್ಟೆ ತಾ ಎಂದು ಕೇಳಿದ ಹುಡುಗಿ ಅವಳು. ಮುಂದೆ ಕಥೆ ಅವಳ ಹೊಟ್ಟೆಯಲ್ಲಿದ್ದದ್ದನ್ನು ಬೆನ್ನು ಹತ್ತಿ ಹೋಯಿತು. ಲೆಕ್ಕ ಕೇಳುವ ಎರಡನೆಯ ಭಾಗವೂ ಎಲ್ಲರ ಲೆಕ್ಕ ಕೇಳುವುದಿಲ್ಲ ಎಂದು ನನಗೆ ಕಲಿಸಿದವಳು ಅಕ್ಷರ ಬಾರದ ನನ್ನ ಅತ್ತಿ.

'ಎಂಡ್‌ಗೇಮ್' ನೋಡಿ ಹೊರಗೆ ಬಂದ ಸಂಜೆ, ಕಬ್ಬಿನ ಹಾಲಿನ ಅಂಗಡಿಯ ಮುಂದೆ ನಿಂತು ಮೊಮ್ಮಗ ಕೇಳಿದ, "ಆಯಿ, ಯಾಕ ಅತ್ತಿ ನೀ? ಐರನ್ ಮ್ಯಾನ್ ಸತ್ತನಂತೇನು?"

"ಅವನ ಹೆಂಡ್ತಿ ಕೂಸ ಕರಕೊಂಡು ನಿಂತಿದ್ಳಲ್ಲ, ಅದಕ್ಕ" ಎಂದು ದೊಡ್ಡಾಟದ ಕಥೆ, ನಮ್ಮತ್ತಿಯ ಕಥೆ ಹೇಳಿದೆ. ಗಂಡ ಸತ್ತು ಹದಿನಾರಕ್ಕೆ ತವರಿಗೆ ಬಂದಳು ಎಂಬಲ್ಲಿಗೆ ನಿಲ್ಲಿಸಿದೆ. ನಮ್ಮ ಮನೆಯಲ್ಲಿ ಎಲ್ಲರೂ ಅಲ್ಲಿಗೇ ನಿಲ್ಲಿಸುವುದು ರೂಢಿ.

ಹುಡುಗ ಗ್ಲಾಸು ಕೆಳಗಿಟ್ಟು ಕೇಳಿದ, "ಅವರು ಮುಂದ ಏನಾದ್ರು?"

ನಾನು ಹೇಳಿದೆ. ಅವಳು ಆಮೇಲೆ ಐವತ್ತೆಂಟು ವರ್ಷ ಬದುಕಿದಳು. ಹಳೆಯ ಸೀರೆ, ಧೋತರ ಕೂಡಿಸಿ ಊರಿಗೆಲ್ಲ ಕೌದಿ ಹೊಲಿದು ಕೊಟ್ಟಳು. ಎರಡು ಎಮ್ಮೆ ಸಾಕಿ ಹಾಲು ಮಾರಿದಳು. ಹುಡುಗಿಗೆ ಓದು ಸಾಕು ಎಂದು ಅಪ್ಪ ಹಟ ಹಿಡಿದಾಗ, ಸೆರಗಿನ ಗಂಟು ಬಿಚ್ಚಿ ನನ್ನ ಫೀ ಕಟ್ಟಿದವಳು ಅವಳು. ನನ್ನನ್ನು ಅಫಜಲಪುರದ ಶಾಲೆಗೆ, ಅಲ್ಲಿಂದ ಗುಲಬರ್ಗಾಕ್ಕೆ ಕಳಿಸಿದವಳು. ನಿನ್ನವ್ವನ ಬಾಣಂತನ ಮಾಡಿದವಳು. ನೀನು ಹುಟ್ಟಿದಾಗ ಕೈಕಾಲು ನಡುಗುತ್ತಿದ್ದರೂ ನಿನಗೊಂದು ಸಣ್ಣ ಕೌದಿ ಹೊಲಿದಳು. ಅದು ಇನ್ನೂ ನನ್ನ ಟ್ರಂಕಿನಲ್ಲಿದೆ.

"ಮನಿಗೆ ಹೋದಮ್ಯಾಲ ತೋರ್ಸು" ಎಂದ. ಆ ರಾತ್ರಿಯೇ ಟ್ರಂಕು ತೆಗೆದು ತೋರಿಸಿದೆ.